ಲಾನ್ ಕತ್ತರಿಸಿದ ಮೇಲೆ ಆ ಹುಲ್ಲನ್ನು ಏನು ಮಾಡೋದು?

ಮೈಸೂರಿನ ನಮ್ಮ ಮನೆ ಮುಂದೆ 20 ಅಡಿ ಅಗಲ, 25 ಅಡಿ ಉದ್ದದ ಒಂದು ಲಾನ್ ಇದೆ. ಅದನ್ನು ಹಾಕಿಸಿದ ಮೊದಲ ಮಳೆಗಾಲದಲ್ಲಿ ಮೂರು ವಾರ ಹುಲ್ಲಿನ ಕಡೆ ತಿರುಗಿಯೂ ನೋಡಿರಲಿಲ್ಲ. ಜುಲೈನ ಒಂದು ಭಾನುವಾರ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಬಾಡಿಗೆ ಮೆಷಿನ್ ತರಿಸಿ ಎಲ್ಲವನ್ನೂ ಒಂದೇ ಸಲ ಬೋಳಿಸಿದೆವು. ಮೂರು ದೊಡ್ಡ ಪ್ಲಾಸ್ಟಿಕ್ ಚೀಲ ತುಂಬ ಹುಲ್ಲು ಬಂತು. ಬಾಯಿ ಬಿಗಿಯಾಗಿ ಕಟ್ಟಿ ಗೇಟಿನ ಪಕ್ಕ ಇಟ್ಟೆವು. ಮರುದಿನ ಕಸದ ಗಾಡಿಯಲ್ಲಿ ಜಾಗ ಇರಲಿಲ್ಲ, ಚೀಲಗಳು ಅಲ್ಲೇ ಉಳಿದವು.

ನಾಲ್ಕನೇ ದಿನ ಒಂದು ಚೀಲ ಬಿಚ್ಚಿದೆ. ಬಿಸಿ ಹಬೆ ಮುಖಕ್ಕೇ ಬಂತು. ಹುಳಿ ವಾಸನೆ, ಅದರ ಜೊತೆ ಕಣ್ಣು ಉರಿಸುವ ಘಾಟು. ಮೇಲಿನ ಹುಲ್ಲು ಹಳದಿಯಾಗಿತ್ತು. ಒಳಗಿನದು ಬೇಯಿಸಿ ಬಿಟ್ಟ ಸೊಪ್ಪಿನ ಹಾಗೆ ಕಪ್ಪಗೆ, ಅಂಟಂಟಾಗಿ ಮುದ್ದೆ ಕಟ್ಟಿಕೊಂಡಿತ್ತು. ನಮ್ಮತ್ತೆ ಬಂದು ನೋಡಿ, "ಹಸಿ ಹುಲ್ಲನ್ನ ಹೀಗೆ ತುರುಕಿದ್ರೆ ಬೆಂದು ಹೋಗುತ್ತೆ ಕಣಮ್ಮ, ಹರವಬೇಕು" ಅಂದರು. ಹಳ್ಳಿಯಲ್ಲಿ ಹುಲ್ಲು, ತಿಪ್ಪೆ ಎರಡನ್ನೂ ನೋಡಿಕೊಂಡು ಬೆಳೆದವರು ಅವರು. ಅವರು ಹೇಳಿದ ಆ ಒಂದು ಮಾತು, ಹರವಬೇಕು ಅನ್ನೋದು, ಇವತ್ತಿಗೂ ನನಗೆ ದಾರಿ ತೋರಿಸುತ್ತಿದೆ.

ಕತ್ತರಿಸಿದ ಹಸಿ ಹುಲ್ಲಿನಲ್ಲಿ ಸುಮಾರು ಶೇ. 80ರಷ್ಟು ನೀರೇ ಇರುತ್ತದೆ. ಉಳಿದ ಒಣ ಭಾಗದಲ್ಲಿ ಸುಮಾರು ಶೇ. 4ರಷ್ಟು ಸಾರಜನಕ, ಅದರ ಜೊತೆ ಪೊಟ್ಯಾಷ್, ಸ್ವಲ್ಪ ರಂಜಕ. ಅಂದರೆ ಅಂಗಡಿಯಿಂದ ಮೂಟೆಯಲ್ಲಿ ತಂದು ಹಾಕುವ ಗೊಬ್ಬರದ ಸಾರವೇ ಅದರಲ್ಲೂ ಇದೆ. ತೆಳುವಾಗಿ ಹರವಿದರೆ ಗಾಳಿ ಆಡುತ್ತದೆ, ಎರಡು ದಿನದಲ್ಲಿ ಒಣಗಿ ಮಣ್ಣಿಗೆ ಸೇರುತ್ತದೆ. ದಪ್ಪಗೆ ರಾಶಿ ಹಾಕಿದರೆ ಆ ನೀರೆಲ್ಲ ಒಳಗೇ ಉಳಿಯುತ್ತದೆ, ಗಾಳಿ ಹೋಗಲ್ಲ. ಆಗ ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಲಸ ಶುರು ಮಾಡುತ್ತವೆ. ವಾಸನೆ ಬರೋದು ಅವುಗಳಿಂದ. ಕಣ್ಣು ಉರಿಸುವ ಘಾಟು ಅಮೋನಿಯಾದ್ದು. ಹುಲ್ಲಿನಲ್ಲಿದ್ದ ಸಾರಜನಕ, ಅಂದರೆ ನಿಮ್ಮ ಗೊಬ್ಬರ, ಹಾಗೆ ಗಾಳಿಗೆ ಹೋಗುತ್ತಿದೆ ಅಂತ ಅರ್ಥ.

ಕತ್ತರಿಸುವಾಗಲೇ ಅರ್ಧ ಕೆಲಸ

ಹುಲ್ಲು ಕತ್ತರಿಸಿ ಆದ ಮೇಲೆ ಏನು ಮಾಡೋದು ಅಂತ ಯೋಚಿಸುವ ಬದಲು, ಕತ್ತರಿಸುವ ದಿನವೇ ಸ್ವಲ್ಪ ಗಮನ ಕೊಟ್ಟರೆ ತೊಂದರೆ ಅರ್ಧ ಕಡಿಮೆ.

ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಗರಿಕೆ ಜಾತಿಯ ಲಾನ್ ಆದರೆ ಒಂದರಿಂದ ಒಂದೂವರೆ ಇಂಚು ಉಳಿಯಲಿ. ಎಲೆ ಅಗಲವಾಗಿರುವ ಬಫೆಲೋ ಗ್ರಾಸ್ ಆದರೆ ಎರಡೂವರೆ, ಮೂರು ಇಂಚು ಬೇಕು. ಗರಿಕೆಯನ್ನು ಒಂದೂವರೆ ಇಂಚಿಗೆ ಇಡಬೇಕು ಅಂದರೆ, ಅದು ಎರಡು ಕಾಲು ಇಂಚು ಆಗುತ್ತಿದ್ದ ಹಾಗೆ ಮೆಷಿನ್ ಓಡಿಸಬೇಕು. ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ ಬರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಸಾಕು. ಹೀಗೆ ಮಾಡಿದಾಗ ಉದುರುವ ಚೂರು ಅರ್ಧ, ಮುಕ್ಕಾಲು ಇಂಚಿನದು. ಅದು ನಿಂತ ಹುಲ್ಲಿನ ಸಂದಿಯಲ್ಲಿ ಇಳಿದು ಕಣ್ಣಿಗೇ ಕಾಣಲ್ಲ. ನಾವು ಮೊದಲ ವರ್ಷ ಮಾಡಿದ ಹಾಗೆ ಮೂರು ವಾರ ಬಿಟ್ಟು ಬೋಳಿಸಿದರೆ ನಾಲ್ಕಾರು ಇಂಚಿನ ಎಸಳುಗಳು ಮೇಲೇ ಬಿದ್ದು ಚಾಪೆ ಕಟ್ಟುತ್ತವೆ. ಕೆಳಗಿನ ಹುಲ್ಲೂ ಬಿಸಿಲು ಕಾಣದೆ ಹಳದಿಯಾಗುತ್ತದೆ.

ಹುಲ್ಲು ಒಣಗಿದ್ದಾಗ ಕತ್ತರಿಸಿ. ಬೆಳಗಿನ ಇಬ್ಬನಿ ಆರಿ, ಹತ್ತು ಗಂಟೆ ಆದ ಮೇಲೆ ಒಳ್ಳೆಯದು. ಸಂಜೆ ನಾಲ್ಕರ ಮೇಲೂ ಆಗುತ್ತದೆ. ಮಳೆಗಾಲದಲ್ಲಿ ಪೂರ್ತಿ ಒಣಗಿದ ದಿನ ಸಿಗೋದೇ ಕಷ್ಟ, ಅಲ್ವಾ? ಆಗ ಕೈಯಿಂದ ಹುಲ್ಲಿನ ಮೇಲೆ ಒಮ್ಮೆ ಸವರಿ ನೋಡಿ. ಅಂಗೈ ಒದ್ದೆಯಾಗದಿದ್ದರೆ ಶುರು ಮಾಡಬಹುದು.

ಬ್ಲೇಡ್ ಹರಿತವಾಗಿರಲಿ. ಮೊಂಡ ಬ್ಲೇಡು ಹುಲ್ಲನ್ನು ಕತ್ತರಿಸಲ್ಲ, ಹರಿಯುತ್ತದೆ. ಎರಡು ದಿನ ಬಿಟ್ಟು ಬಗ್ಗಿ ನೋಡಿ, ಹರಿದ ತುದಿಗಳು ನಾರು ನಾರಾಗಿ ಬೆಳ್ಳಗೆ ಒಣಗಿರುತ್ತವೆ. ಹಾಗೆ ಹರಿದ ಜಾಗದಲ್ಲಿ ರೋಗವೂ ಬೇಗ ಹಿಡಿಯುತ್ತದೆ.

ಮೆಷಿನ್ ಓಡಿಸುವ ಮೊದಲು ಲಾನ್ ತುಂಬ ಒಂದು ಸುತ್ತು ನಡೆದು ಬನ್ನಿ. ಕಲ್ಲು, ಚಾಕೊಲೇಟ್ ಕವರ್, ಹಾಲಿನ ಪ್ಯಾಕೆಟ್ಟಿನ ಮೂಲೆ, ನಾಯಿ ಹೇಲು ಎಲ್ಲ ತೆಗೆಯಿರಿ. ಒಮ್ಮೆ ಬ್ಲೇಡಿಗೆ ಸಿಕ್ಕಿ ಪುಡಿಯಾದ ಪ್ಲಾಸ್ಟಿಕ್ಕನ್ನು ಹುಲ್ಲಿನಿಂದ ಬೇರೆ ಮಾಡೋಕೆ ಆಗಲ್ಲ. ಹೆಗಲಿಗೆ ಹಾಕಿಕೊಳ್ಳುವ ಬ್ರಷ್ ಕಟರ್ ಬಳಸುವವರು ಇನ್ನೊಂದನ್ನೂ ಗಮನಿಸಿ. ಅದರ ನೈಲಾನ್ ದಾರ ತುಂಡಾಗಿ ಹುಲ್ಲಿನಲ್ಲಿ ಬಿದ್ದಿರುತ್ತದೆ. ಗೋಡೆ ಅಂಚಿನಲ್ಲಿ, ಕಲ್ಲಿನ ಪಕ್ಕದಲ್ಲಿ ಓಡಿಸಿದಾಗ ಇದು ಜಾಸ್ತಿ. ಕಂಡಷ್ಟನ್ನು ಆರಿಸಿ ತೆಗೆಯಿರಿ. ಹಸುವಿಗೆ ಹಾಕುವ ಹುಲ್ಲನ್ನಂತೂ ಈ ಕಟರ್‌ನಲ್ಲಿ ಕತ್ತರಿಸಲೇಬೇಡಿ.

ಮೊದಲ ದಾರಿ: ಅಲ್ಲೇ ಬಿಡೋದು

ನನ್ನನ್ನು ಕೇಳಿದರೆ, ಹತ್ತರಲ್ಲಿ ಏಳು ಸಲ ಇದೇ ಸರಿ. ಚೀಲ ಬೇಡ, ಗುಂಡಿ ಬೇಡ, ಗಾಡಿ ಬೇಡ. ಅಮೆರಿಕದಲ್ಲಿ ಇದಕ್ಕೆ ಗ್ರಾಸ್‌ಸೈಕ್ಲಿಂಗ್ ಅನ್ನುತ್ತಾರೆ. ಅಲ್ಲಿ ಎಷ್ಟೋ ಊರುಗಳಲ್ಲಿ ಸ್ಥಳೀಯ ಆಡಳಿತವೇ ಹೀಗೆ ಮಾಡಿ ಎಂದು ಹೇಳುತ್ತದೆ. ವರ್ಷವಿಡೀ ಹೀಗೆ ಬಿಟ್ಟರೆ ಲಾನಿಗೆ ಬೇಕಾದ ಗೊಬ್ಬರದಲ್ಲಿ ಸುಮಾರು ಕಾಲು ಭಾಗ ಹುಲ್ಲಿನಿಂದಲೇ ಸಿಗುತ್ತದೆ.

ನಮ್ಮಲ್ಲಿಗೆ ತಿಂಗಳಿಗೆರಡು ಸಲ ತೋಟದ ಕೆಲಸಕ್ಕೆ ಒಬ್ಬರು ಬರುತ್ತಾರೆ. ಕತ್ತರಿಸಿ ಮುಗಿಸಿದ ತಕ್ಷಣ "ಅಕ್ಕಾ, ಚೀಲ ಕೊಡಿ, ತುಂಬಿ ಆಚೆ ಹಾಕ್ಬಿಡ್ತೀನಿ" ಅನ್ನೋರು. "ಬೇಡ ಅಣ್ಣ, ಇಲ್ಲೇ ಬಿಡೋಣ" ಅಂದಾಗ ಮೊದಲು ಅವರಿಗೆ ಸರಿ ಬರಲಿಲ್ಲ. ಕೆಲಸ ಅರ್ಧಕ್ಕೆ ನಿಲ್ಲಿಸಿದ ಹಾಗೆ ಕಾಣುತ್ತೆ ಅಂತ ಅವರ ಚಿಂತೆ. ಮೂರನೇ ದಿನಕ್ಕೆ ಕರೆದು ತೋರಿಸಿದೆ. ಒಂದು ಚೂರೂ ಕಾಣುತ್ತಿರಲಿಲ್ಲ. ಈಗ ಅವರೇ ಬೇರೆ ಮನೆಗಳಲ್ಲೂ ಹೇಳುತ್ತಾರೆ.

ಮಾಡುವ ಬಗೆ ಸುಲಭ. ಮೆಷಿನ್ನಿಗೆ ಹುಲ್ಲು ಹಿಡಿಯುವ ಚೀಲ ಇದ್ದರೆ ಅದನ್ನು ತೆಗೆದು, ಬಾಯಿಗೆ ಮುಚ್ಚಳ ಹಾಕಿ ಓಡಿಸಿ. ಮಲ್ಚಿಂಗ್ ಬ್ಲೇಡ್ ಇದ್ದರೆ ಇನ್ನೂ ಒಳ್ಳೆಯದು, ಒಂದೇ ಎಸಳನ್ನು ಎರಡು ಮೂರು ಸಲ ಕತ್ತರಿಸಿ ಉದುರಿಸುತ್ತದೆ. ಮುಗಿದ ಮೇಲೆ ಕಡ್ಡಿ ಪೊರಕೆ ಹಿಡಿದು ಒಂದು ಸಲ ಮೇಲಿಂದ ಮೇಲೆ ಆಡಿಸಿ. ಗುಡಿಸೋದಲ್ಲ, ಗುಪ್ಪೆ ಬಿದ್ದದ್ದನ್ನು ಸುಮ್ನೆ ಚೆದುರಿಸೋದು ಅಷ್ಟೆ. ಮೆಷಿನ್ ತಿರುಗಿಸಿಕೊಳ್ಳುವ ಮೂಲೆಗಳಲ್ಲಿ ಗುಪ್ಪೆ ಜಾಸ್ತಿ ಬೀಳುತ್ತದೆ, ಅಲ್ಲಿ ನೋಡಿ. ಆಮೇಲೆ ನೀರು ಬಿಟ್ಟರೆ ಚೂರುಗಳು ಕೆಳಗೆ ಇಳಿಯುತ್ತವೆ.

ಹೀಗೆ ಬಿಟ್ಟರೆ ಬುಡದಲ್ಲಿ ಕಂದು ಬಣ್ಣದ ಮೆತ್ತೆ ಕಟ್ಟಿಕೊಳ್ಳುತ್ತೆ, ನೀರು ಇಳಿಯಲ್ಲ ಅಂತ ತುಂಬಾ ಜನ ಹೆದರಿಸುತ್ತಾರೆ. ಆ ಮೆತ್ತೆ ಆಗೋದು ಸತ್ತ ಬೇರು, ಕಾಂಡ, ಹಬ್ಬುವ ಬಳ್ಳಿಗಳಿಂದ. ಅವು ಗಟ್ಟಿ ನಾರಿನವು, ಬೇಗ ಕರಗಲ್ಲ. ಎಲೆಯ ತುದಿ ಮೆತ್ತಗಿರುತ್ತದೆ, ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ಯೂರಿಯಾ ಜಾಸ್ತಿ ಸುರಿಯೋದು, ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸೋದು, ಇವುಗಳಿಂದ ಮೆತ್ತೆ ಕಟ್ಟುತ್ತದೆ. ಅದಕ್ಕೆ ಕತ್ತರಿಸಿದ ಚೂರನ್ನು ದೂರಬೇಕಿಲ್ಲ.

ಕೆಲವು ಸಲ ಮಾತ್ರ ಅಲ್ಲೇ ಬಿಡಬಾರದು. ಹುಲ್ಲು ಉದ್ದವಾಗಿ ಬೆಳೆದು ಚಾಪೆಯಾಗಿ ಬಿದ್ದಿದ್ದರೆ ಎತ್ತಿ. ಒದ್ದೆಯಲ್ಲೇ ಕತ್ತರಿಸಬೇಕಾಗಿ ಬಂದಿದ್ದರೆ ಎತ್ತಿ. ಲಾನಿನಲ್ಲಿ ದುಂಡಗೆ ಕಂದು ಮಚ್ಚೆ ಎದ್ದಿದ್ದರೆ, ನಡೆದಾಗ ಚಪ್ಪಲಿಗೆ ಕಿತ್ತಳೆ ಪುಡಿ ಅಂಟುತ್ತಿದ್ದರೆ ಅದು ಶಿಲೀಂಧ್ರ ರೋಗ. ವಾಸಿಯಾಗುವ ತನಕ ಕತ್ತರಿಸಿದ್ದನ್ನೆಲ್ಲ ಎತ್ತಿಬಿಡಿ. ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಹೂ ಬಿಟ್ಟಿದ್ದರೆ ಮೊದಲು ಗ್ಲೌಸ್ ಹಾಕಿಕೊಂಡು ಬೇರು ಸಮೇತ ಕಿತ್ತು ಬೇರೆ ಇಡಿ. ಮೆಷಿನ್ ಹೊಡೆದರೆ ಬೀಜ ಎಲ್ಲ ಕಡೆ ಹರಡುತ್ತದೆ. ಅಲರ್ಜಿ ಇರುವವರಿಗೆ ಮೈ ತುರಿಕೆ, ಸೀನು ತಪ್ಪಿದ್ದಲ್ಲ.

ಎತ್ತಿದ ಹುಲ್ಲನ್ನು ಮೊದಲು ಒಣಗಿಸಿ

ಎತ್ತಲೇಬೇಕಾದರೆ ಪ್ಲಾಸ್ಟಿಕ್ ಚೀಲ ಬೇಡ. ಮಂಕರಿ, ಬಾಂಡ್ಲಿ, ಗೋಣಿಚೀಲ ಯಾವುದಾದರೂ ಆಗುತ್ತದೆ. ಎತ್ತಿದ್ದನ್ನು ಅವತ್ತೇ ಕಾರು ನಿಲ್ಲಿಸುವ ಜಾಗದಲ್ಲೋ, ತಾರಸಿ ಮೇಲೋ, ಹಳೇ ಟಾರ್ಪಾಲಿನ ಮೇಲೋ ಹರವಿ. ದಪ್ಪ ಎರಡು ಬೆರಳಿಗಿಂತ ಜಾಸ್ತಿ ಬೇಡ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೈಯಾಡಿಸಿ. ಬಿಸಿಲಿದ್ದರೆ ಎರಡು ದಿನ ಸಾಕು. ಹಿಡಿಯಲ್ಲಿ ಹಿಚುಕಿದರೆ ಸರಸರ ಅನ್ನಬೇಕು, ಅಂಗೈಗೆ ತೇವ ತಾಗಬಾರದು. ಹಸಿರು ಹೋಗಿ ಗೋಧಿ ಬಣ್ಣಕ್ಕೆ ತಿರುಗಿದ ಹುಲ್ಲಿನಿಂದ ಬರುವ ಆ ಒಣ ಪರಿಮಳ ಗುರುತಿಟ್ಟುಕೊಳ್ಳಿ. ಇಲ್ಲಿಂದ ಮುಂದೆ ಅದು ವಾಸನೆ ಬರಲ್ಲ, ಅಂಟಲ್ಲ, ತಿಂಗಳುಗಟ್ಟಲೆ ಚೀಲದಲ್ಲಿ ಇಡಬಹುದು. ಚೀಲ ಮಳೆ ತಾಗದ ಕಡೆ ಇರಲಿ.

ತಾರಸಿಯಲ್ಲಿ ಹರವುವವರು ಮಳೆನೀರಿನ ಪೈಪಿನ ಬಾಯಿಗೆ ಮೆಶ್ ಇದೆಯೇ ನೋಡಿಕೊಳ್ಳಿ. ಸಂಜೆ ಒಂದು ಮಳೆ ಬಂದರೆ ಎಲ್ಲ ಹುಲ್ಲೂ ಪೈಪಿಗೇ ಹೋಗಿ ಕೂರುತ್ತದೆ.

ಒಣಗಿಸೋದಕ್ಕೆ ಇನ್ನೊಂದು ಕಾರಣವೂ ಇದೆ, ಗರಿಕೆ ಲಾನ್ ಇರುವವರು ಇದನ್ನು ಓದಲೇಬೇಕು. ಗರಿಕೆಗೆ ಗೆಣ್ಣು ಗೆಣ್ಣಿಗೂ ಬೇರು ಬಿಡುವ ಗುಣ. ಮೆಷಿನ್ ತುಂಬ ಕೆಳಗೆ ಇಟ್ಟು ಕತ್ತರಿಸಿದರೆ ಎಲೆ ಜೊತೆ ಬಳ್ಳಿಯ ತುಂಡುಗಳೂ ಬರುತ್ತವೆ. ಅವನ್ನು ಹಸಿಯಾಗಿಯೇ ಗುಲಾಬಿ ಬುಡಕ್ಕೆ ಹಾಕಿದರೆ ತಿಂಗಳೊಳಗೆ ಪಾತಿಯಲ್ಲಿ ಗರಿಕೆ ಎದ್ದಿರುತ್ತದೆ. ಗಣೇಶನ ಹಬ್ಬಕ್ಕೆ ಗರಿಕೆ ಬೇಕು ನಿಜ, ಗುಲಾಬಿ ಪಾತಿಯಲ್ಲಿ ಬೇಡ. ಕೀಳಲು ಹೋದರೆ ತುಂಡಾಗಿ ಮತ್ತೆ ಚಿಗುರುತ್ತದೆ. ಗರಿಗರಿಯಾಗಿ ಒಣಗಿಸಿದರೆ ಆ ಗೆಣ್ಣುಗಳು ಸಾಯುತ್ತವೆ.

ಗಿಡಗಳ ಬುಡಕ್ಕೆ ಹೊದಿಕೆ

ಮಾರ್ಚ್, ಏಪ್ರಿಲ್ ಬಿಸಿಲಿಗೆ ಪಾತಿಯ ಮಣ್ಣು ಸಂಜೆಗೆಲ್ಲ ಬಿರುಕು ಬಿಡುತ್ತದೆ. ಒಣ ಹುಲ್ಲಿನ ಹೊದಿಕೆ ಇದ್ದರೆ ಅದೇ ಮಣ್ಣು ಮರುದಿನವೂ ತಂಪಾಗಿರುತ್ತದೆ. ಬೆರಳು ಹಾಕಿ ನೋಡಿ, ಗೊತ್ತಾಗುತ್ತದೆ. ಕಳೆಯೂ ಕಡಿಮೆ. ಮಳೆ ಹನಿ ಮಣ್ಣಿಗೆ ಬಡಿದು ಎಲೆಗೆ ಕೆಸರು ಸಿಡಿಯುವುದೂ ನಿಲ್ಲುತ್ತದೆ. ಟೊಮೆಟೊ, ಮೆಣಸಿನ ಗಿಡಗಳಿಗೆ ಇದು ದೊಡ್ಡ ಉಪಕಾರ, ಮಣ್ಣಿನಿಂದ ಬರುವ ಎಷ್ಟೋ ರೋಗ ಆ ಕೆಸರಿನ ಜೊತೆಗೇ ಎಲೆಗೆ ಏರುತ್ತವೆ.

ಒಣ ಹುಲ್ಲಾದರೆ ಎರಡು ಮೂರು ಇಂಚು ದಪ್ಪ ಹಾಕಬಹುದು. ಹಸಿಯಾಗೇ ಹಾಕಬೇಕು ಅಂದರೆ ಅರ್ಧ ಇಂಚು ಹಾಕಿ, ಅದು ಒಣಗಿದ ಮೇಲೆ ಇನ್ನರ್ಧ ಇಂಚು. ಅವಸರ ಮಾಡಿ ಒಂದೇ ಸಲ ಸುರಿದರೆ ಮೇಲೆ ತೊಗಲಿನ ಹಾಗೆ ಪದರ ಕಟ್ಟುತ್ತದೆ. ನೀರು ಮೇಲೇ ಹರಿದು ಹೋಗುತ್ತದೆ, ಬುಡಕ್ಕೆ ಒಂದು ಹನಿ ಸಿಗಲ್ಲ. ಗಿಡದ ಕಾಂಡಕ್ಕೆ ತಾಗಿಸಬೇಡಿ, ಸುತ್ತಲೂ ನಾಲ್ಕು ಬೆರಳು ಜಾಗ ಬಿಡಿ. ಕುಂಡಗಳಿಗೂ ಇದೇ ಲೆಕ್ಕ, ದಪ್ಪ ಮಾತ್ರ ಒಂದು ಇಂಚು ಸಾಕು. ಬಾಳೆ, ಪರಂಗಿ, ತೆಂಗಿನ ಪಾತಿಗೆ ಎಷ್ಟು ಒಣ ಹುಲ್ಲು ಇದ್ದರೂ ಖರ್ಚಾಗುತ್ತದೆ.

ಮಳೆಗಾಲದಲ್ಲಿ ಹೊದಿಕೆಯನ್ನು ತೆಳು ಮಾಡಿ. ನಮ್ಮ ಕಡೆ ಈಗ ಆಫ್ರಿಕನ್ ಬಸವನ ಹುಳುವಿನ ಕಾಟ ಇದೆ, ನೀವೂ ನೋಡಿರುತ್ತೀರಿ. ಹಗಲು ಹೊತ್ತು ಅವು ಅಡಗೋದು ಇಂಥ ಒದ್ದೆ ಹುಲ್ಲಿನ ಕೆಳಗೇ. ಸಂಜೆ ಒಂದು ಒದ್ದೆ ಗೋಣಿಚೀಲದ ಮೇಲೆ ಪರಂಗಿ ಸಿಪ್ಪೆ ಹಾಕಿಡಿ. ಬೆಳಿಗ್ಗೆ ಬೇಗ ಎದ್ದು ನೋಡಿದರೆ ಅಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೌಸ್ ಹಾಕಿ ಆರಿಸಿ, ಉಪ್ಪು ಕಲಸಿದ ನೀರಿನ ಬಕೆಟ್ಟಿಗೆ ಹಾಕಿ. ಆ ಉಪ್ಪುನೀರನ್ನು ಗಿಡಕ್ಕೆ ಸುರಿಯಬಾರದು.

ಬೇಸಿಗೆಯಲ್ಲಿ ಗೆದ್ದಲಿನ ಚಿಂತೆ. ಮನೆ ಗೋಡೆಗೆ, ಮರದ ಬಾಗಿಲಿನ ಚೌಕಟ್ಟಿಗೆ ಒಣ ಹುಲ್ಲು ತಾಗಬಾರದು. ಒಂದೆರಡು ಅಡಿ ದೂರ ಇರಲಿ.

ಕಳೆನಾಶಕ ಹೊಡೆದಿದ್ದರೆ

ಲಾನಿನಲ್ಲಿ ಅಗಲ ಎಲೆಯ ಕಳೆ ಸಾಯಲಿ ಎಂದು 2,4-ಡಿ ತರಹದ ಔಷಧಿ ಹೊಡೆಸುತ್ತಾರೆ. ಅದು ಗರಿಕೆಯಂಥ ಹುಲ್ಲಿಗೆ ಏನೂ ಮಾಡಲ್ಲ, ಆದರೆ ಹುಲ್ಲಿನ ಮೇಲೆ ಉಳಿದಿರುತ್ತದೆ. ಆ ಹುಲ್ಲನ್ನು ತಂದು ತರಕಾರಿ ಪಾತಿಗೆ ಹಾಕಿದರೆ ಟೊಮೆಟೊ, ಬದನೆ, ಹುರುಳಿಕಾಯಿ ಗಿಡಗಳಿಗೆ ಅದು ತಾಗುತ್ತದೆ. ನಮ್ಮ ಬೀದಿಯಲ್ಲೇ ಒಂದು ಮನೆಯ ಟೊಮೆಟೊ ಗಿಡ ನೋಡಿದ್ದೇನೆ. ಹೊಸ ಎಲೆಗಳು ಕಿರಿದಾಗಿ ಮುರುಟಿ ಕೆಳಗೆ ಬಾಗಿದ್ದವು, ಕಾಂಡ ತಿರುಚಿಕೊಂಡಿತ್ತು. ಅವರು ನಂಜು ರೋಗ ಅಂದುಕೊಂಡು ಎರಡು ಸಲ ಬೇರೆ ಔಷಧಿ ಹೊಡೆದಿದ್ದರು. ವಿಚಾರಿಸಿದಾಗ ಗೊತ್ತಾಯಿತು, ಹದಿನೈದು ದಿನದ ಹಿಂದೆ ಲಾನಿಗೆ ಕಳೆನಾಶಕ ಹೊಡೆಸಿ, ಅದೇ ಹುಲ್ಲನ್ನು ಬುಡಕ್ಕೆ ಹಾಕಿದ್ದರು.

ಔಷಧಿ ಹೊಡೆದ ಮೇಲೆ ಕನಿಷ್ಠ ಮೂರು ಸಲ ಕತ್ತರಿಸಿದ ಹುಲ್ಲು ಲಾನಿನಲ್ಲೇ ಉಳಿಯಲಿ. ಪಾತಿಗೆ ಬೇಡ, ಗೊಬ್ಬರದ ಗುಂಡಿಗೂ ಬೇಡ, ದನಕ್ಕಂತೂ ಬೇಡವೇ ಬೇಡ. ಡಬ್ಬಿಯ ಮೇಲೆ ಇದಕ್ಕಿಂತ ಹೆಚ್ಚು ದಿನ ಬರೆದಿದ್ದರೆ ಅದನ್ನೇ ಪಾಲಿಸಿ. ಮಾಲಿ ಯಾವಾಗ ಏನು ಹೊಡೆದರು ಅಂತ ಕ್ಯಾಲೆಂಡರಿನಲ್ಲಿ ಬರೆದಿಡೋದು ಒಳ್ಳೆಯ ಅಭ್ಯಾಸ.

ಗೊಬ್ಬರ ಮಾಡೋದು

ಇದು ನನಗೆ ತುಂಬ ಇಷ್ಟದ ಕೆಲಸ. ಹುಲ್ಲಿನಲ್ಲಿ ಸಾರಜನಕ ಜಾಸ್ತಿ, ತರಗೆಲೆಯಲ್ಲಿ ಇಂಗಾಲ ಜಾಸ್ತಿ. ಗೊಬ್ಬರ ಚೆನ್ನಾಗಿ ಆಗಬೇಕಾದರೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ಬರೀ ಹಸಿ ಹುಲ್ಲಿನಲ್ಲಿ ಅದು ಹದಿನೈದರಿಂದ ಇಪ್ಪತ್ತು ಅಷ್ಟೆ. ಈ ಲೆಕ್ಕವನ್ನು ಮಂಕರಿಯಲ್ಲಿ ಹೇಳೋದಾದರೆ, ಒಂದು ಮಂಕರಿ ಹಸಿ ಹುಲ್ಲಿಗೆ ಎರಡರಿಂದ ಮೂರು ಮಂಕರಿ ತರಗೆಲೆ.

ಇಲ್ಲೇ ಎಲ್ಲರೂ ಸೋಲೋದು. ಹುಲ್ಲು ಜಾಸ್ತಿ ಬರೋದು ಜೂನ್‌ನಿಂದ ಅಕ್ಟೋಬರ್ ತನಕ. ಆಗ ಒಣ ಎಲೆ ಎಲ್ಲಿಂದ ತರ್ತೀರಿ? ನಮ್ಮ ಬೀದಿಯ ಹೊಂಗೆ, ಆಕಾಶಮಲ್ಲಿಗೆ, ಮಳೆಮರ ಎಲ್ಲ ಎಲೆ ಉದುರಿಸೋದು ಜನವರಿಯಿಂದ ಮಾರ್ಚ್ ಒಳಗೆ. ಯುಗಾದಿ ಹೊತ್ತಿಗೆ ಹೊಸ ಚಿಗುರು ಬಂದು ರಸ್ತೆ ಖಾಲಿ. ಹಾಗಾಗಿ ಫೆಬ್ರವರಿಯಲ್ಲೇ ಎಲೆ ಗುಡಿಸಿ ಗೋಣಿಚೀಲಗಳಲ್ಲಿ ತುಳಿದು ತುಂಬಿಡಿ. ನಾವು ಪ್ರತಿ ವರ್ಷ ಹನ್ನೆರಡು ಚೀಲ ತುಂಬಿ ಮೆಟ್ಟಿಲ ಕೆಳಗೆ ಪೇರಿಸುತ್ತೇವೆ, ಸೆಪ್ಟೆಂಬರ್ ಹೊತ್ತಿಗೆ ಎರಡೋ ಮೂರೋ ಉಳಿದಿರುತ್ತದೆ. ಎಲೆ ಸಿಗದವರು ಮರ ಕೊಯ್ಯುವ ಮಿಲ್ಲಿನ ಹೊಟ್ಟು, ತೆಂಗಿನ ನಾರಿನ ಪುಡಿ, ಹರಿದ ರಟ್ಟಿನ ಡಬ್ಬ ಬಳಸಬಹುದು. ಹೊಟ್ಟಿಗೆ ಇಂಗಾಲ ತುಂಬಾ ಜಾಸ್ತಿ, ಅರ್ಧ ಮಂಕರಿ ಸಾಕು. ಪ್ಲೈವುಡ್ ಕೊಯ್ದ ಹೊಟ್ಟು ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ.

ಜಾಗ ಇದ್ದರೆ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಕಬ್ಬಿಣದ ಮೆಶ್ ಗೂಡು ಮಾಡಿಸಿ. ಇಷ್ಟು ಗಾತ್ರ ಇದ್ದರೆ ಒಳಗೆ ಶಾಖ ನಿಲ್ಲುತ್ತದೆ. ಜಾಗ ಇಲ್ಲದವರು ಸುತ್ತಲೂ ತೂತು ಹೊಡೆದ ಡ್ರಮ್ಮಿನಲ್ಲೂ ಮಾಡಬಹುದು, ಸ್ವಲ್ಪ ನಿಧಾನ. ಯಾವುದಾದರೂ ಸರಿ, ನೇರ ಮಳೆ ಬೀಳಬಾರದು. ಮೇಲೆ ಒಂದು ಶೀಟು ಇರಲಿ.

ತಳದಲ್ಲಿ ಒಂದು ಗೇಣು ಕಡ್ಡಿ, ತೆಂಗಿನ ಗರಿಯ ತುಂಡು ಹಾಕಿ, ಗಾಳಿ ಕೆಳಗಿನಿಂದ ಬರಲಿ. ಅದರ ಮೇಲೆ ಆರು ಇಂಚು ತರಗೆಲೆ, ಎರಡು ಇಂಚು ಹುಲ್ಲು, ಒಂದು ಚೆಂಬು ಸಗಣಿ ಬಗ್ಗಡ. ಮತ್ತೆ ಎಲೆ, ಮತ್ತೆ ಹುಲ್ಲು. ಕೊನೆಯ ಪದರ ಯಾವಾಗಲೂ ಎಲೆಯದೇ ಆಗಿರಲಿ, ನೊಣ ಬರಲ್ಲ. ಸಗಣಿ ಸಿಗದಿದ್ದರೆ ಹಳೇ ಗೊಬ್ಬರ ಎರಡು ಹಿಡಿ ಉದುರಿಸಿ. ಅದೂ ಇಲ್ಲದಿದ್ದರೆ ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಚಿಮುಕಿಸಿ.

ತೇವ ಎಷ್ಟಿರಬೇಕು ಅನ್ನೋದಕ್ಕೆ ಕೈಯೇ ಅಳತೆ. ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ನೀರು ಜಾಸ್ತಿ, ಎಲೆ ಸೇರಿಸಿ. ಮುಷ್ಟಿ ಬಿಚ್ಚಿದಾಗ ಪುಡಿಪುಡಿಯಾಗಿ ಉದುರಿದರೆ ನೀರು ಬೇಕು.

ಮೂರನೇ ದಿನ ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಮುಟ್ಟಿದರೆ ಬೆರಳು ಹಿಂದೆ ತೆಗೆಯುವಷ್ಟು ಬಿಸಿ ಇರಬೇಕು. ಚೆನ್ನಾಗಿ ಕಟ್ಟಿದ ರಾಶಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ. ಆ ಶಾಖದಲ್ಲಿ ಕೆಲವು ದಿನ ಇದ್ದರೆ ಕಳೆ ಬೀಜಗಳೂ ಹೆಚ್ಚಿನವು ಸಾಯುತ್ತವೆ. ವಾರಕ್ಕೊಮ್ಮೆ ಗೂಡಿನ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವ ಹಾಗೆ ಮಗುಚಿ. ಬೆಳಗಿನ ತಂಪಿನಲ್ಲಿ ಮಗುಚಿದರೆ ಒಳಗಿಂದ ಇಡ್ಲಿ ಪಾತ್ರೆ ತೆಗೆದ ಹಾಗೆ ಹಬೆ ಏಳುತ್ತದೆ. ಅದನ್ನು ನೋಡಿದರೆ ನನಗೆ ಈಗಲೂ ಖುಷಿ.

ಅಮೋನಿಯಾ ಘಾಟು ಬಂದರೆ ಹುಲ್ಲು ಜಾಸ್ತಿ ಆಗಿದೆ, ಎಲೆ ಸೇರಿಸಿ ಮಗುಚಿ. ಕೊಳೆತ ಮೊಟ್ಟೆ ವಾಸನೆ ಬಂದರೆ ನೀರು ಜಾಸ್ತಿ ಆಗಿ ಗಾಳಿ ನಿಂತಿದೆ. ಬಿಸಿಯೇ ಆಗದಿದ್ದರೆ ಒಣಗಿದೆ, ಇಲ್ಲವೇ ರಾಶಿ ಚಿಕ್ಕದು. ಎಲ್ಲ ಸರಿಯಾಗಿದ್ದರೆ ಎರಡರಿಂದ ಮೂರು ತಿಂಗಳಲ್ಲಿ ಕಪ್ಪಗಿನ, ಮೊದಲ ಮಳೆಯ ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ.

ಮನೆಯಲ್ಲಿ ತೆಂಗಿನ ಮರ ಇರುವವರಿಗೆ ಒಂದು ಎಚ್ಚರಿಕೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡೋದು ಇಂಥ ಗೊಬ್ಬರದ ರಾಶಿಯಲ್ಲೇ. ಮಗುಚುವಾಗ ಹೆಬ್ಬೆರಳು ಗಾತ್ರದ, ಬೆಳ್ಳಗೆ ಬಾಗಿದ ಗೊಣ್ಣೆಹುಳು ಕಂಡರೆ ಬಿಡಬೇಡಿ, ಆರಿಸಿ ತೆಗೆಯಿರಿ. ಕೋಳಿ ಸಾಕಿದವರ ಮನೆಯಲ್ಲಿ ಅದು ಕ್ಷಣದಲ್ಲಿ ಖಾಲಿ. ಹುಳು ಜಾಸ್ತಿ ಇದ್ದರೆ ಮೆಟಾರೈಜಿಯಂ ಅನ್ನುವ ಶಿಲೀಂಧ್ರದ ಪುಡಿ ಜೈವಿಕ ಗೊಬ್ಬರದ ಅಂಗಡಿಗಳಲ್ಲಿ ಸಿಗುತ್ತದೆ, ನೀರಿಗೆ ಕಲಸಿ ರಾಶಿಗೆ ಹಾಕಿ. ಮಗುಚಲು ಕೈ ಹಾಕಬೇಡಿ, ಉದ್ದ ಹಿಡಿಯ ಫೋರ್ಕ್ ಬಳಸಿ. ಬೆಚ್ಚಗಿನ ಜಾಗಕ್ಕೆ ಚೇಳು, ಹಾವು ಬರೋದು ಉಂಟು.

ಹಸುವಿಗೆ ಹಾಕಬಹುದಾ?

ಹಾಲಿನವರು ಕೇಳಿದಾಗ ಕೊಡೋಣ ಅನಿಸುತ್ತದೆ. ಕುಡುಗೋಲಿನಲ್ಲಿ ಕೊಯ್ದ, ಏನೂ ಔಷಧಿ ಹೊಡೆಯದ, ಅವತ್ತಿನದೇ ಹುಲ್ಲಾದರೆ ಖಂಡಿತ ಕೊಡಿ. ಮೆಷಿನ್ನಿನಿಂದ ಬಂದ ಸಣ್ಣ ಚೂರು ಬೇರೆ ವಿಷಯ. ಅದು ಒಂದೆರಡು ಗಂಟೆ ಗುಡ್ಡೆಯಲ್ಲಿದ್ದರೂ ಕಾಯುತ್ತದೆ, ಹುಳಿಯುತ್ತದೆ. ದನ ಅದನ್ನು ಅಗಿಯದೆ ಗಬಗಬ ನುಂಗಿಬಿಡುತ್ತದೆ, ಹೊಟ್ಟೆ ಉಬ್ಬರಿಸುವ ಅಪಾಯ ಇದೆ. ಮೆಷಿನ್ನಿನ ಆಯಿಲ್, ಪ್ಲಾಸ್ಟಿಕ್ ಚೂರು ಇರಬಹುದಾದ್ದು ಇನ್ನೊಂದು ಭಯ. ನಾನು ಮೆಷಿನ್ ಹುಲ್ಲು ಕೊಡಲ್ಲ.

ಇವನ್ನು ಮಾಡಬೇಡಿ

ಚರಂಡಿಗೆ ಗುಡಿಸಬೇಡಿ. ಒಂದು ಜೋರು ಮಳೆಗೆ ಹುಲ್ಲೆಲ್ಲ ಜಾಲರಿಗೆ ಮೆತ್ತಿಕೊಂಡು ರಸ್ತೆ ಕೆರೆಯಾಗುತ್ತದೆ. ದಾಟಿ ಹೋದದ್ದು ನಿಜವಾದ ಕೆರೆಗೆ ಸೇರಿ, ಅದರ ಸಾರಜನಕ, ರಂಜಕ ಅಲ್ಲಿನ ಪಾಚಿಯನ್ನು ಸಾಕುತ್ತದೆ. ಪಕ್ಕದ ಖಾಲಿ ಸೈಟಿಗೆ ಎಸೆಯೋದೂ ಬೇಡ. ಬೆಂಕಿ ಹಚ್ಚೋದು ಎಲ್ಲಕ್ಕಿಂತ ಕೆಟ್ಟದ್ದು. ಅರೆ ಹಸಿ ಹುಲ್ಲು ಉರಿಯಲ್ಲ, ದಿನವಿಡೀ ಹೊಗೆಯಾಡುತ್ತದೆ. ಪಕ್ಕದ ಮನೆಯಲ್ಲಿ ಉಬ್ಬಸದ ಮಗುವೋ ವಯಸ್ಸಾದವರೋ ಇದ್ದರೆ ಅವರ ಪಾಡು ನೆನೆಸಿಕೊಳ್ಳಿ. 2016ರ ಘನತ್ಯಾಜ್ಯ ನಿಯಮಗಳಲ್ಲೂ ತೋಟದ ಕಸವನ್ನು ಬೇರೆಯಾಗಿ ತಮ್ಮ ಜಾಗದಲ್ಲೇ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು ಎಂದಿತ್ತು. ಬೀದಿಯಲ್ಲಿ ಎಸೆಯೋದು, ಸುಡೋದು, ಚರಂಡಿಗೆ ಹಾಕೋದು ಅದರಲ್ಲಿ ನಿಷಿದ್ಧವಾಗಿತ್ತು. ಕೊಡಲೇಬೇಕಾದರೆ ಅಡುಗೆಮನೆ ಕಸದ ಜೊತೆ ಬೆರೆಸದೆ, ಒಣಗಿಸಿ, ಗೋಣಿಚೀಲದಲ್ಲಿ ಬೇರೆಯಾಗಿ ಕೊಡಿ. ತೋಟದ ಕಸ ಯಾವ ದಿನ ತೆಗೆದುಕೊಳ್ಳುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮೆಷಿನ್ ತೊಳೆಯೋದು, ಗೊಬ್ಬರ ವಾಪಸ್ ಹಾಕೋದು

ಕೆಲಸ ಮುಗಿದ ಮೇಲೆ ಮೆಷಿನ್ನಿನ ಹೊಟ್ಟೆ ಅಡಿ ಅಂಟಿದ ಹುಲ್ಲನ್ನು ಅವತ್ತೇ ಕೆರೆದುಬಿಡಿ. ಒಂದು ವಾರ ಬಿಟ್ಟರೆ ಸಿಮೆಂಟಿನ ಹಾಗೆ ಗಟ್ಟಿಯಾಗಿ, ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಕರೆಂಟಿನ ಮೆಷಿನ್ ಆದರೆ ಪ್ಲಗ್ ಕಿತ್ತು, ಪೆಟ್ರೋಲಿನದಾದರೆ ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೆದು ಆಮೇಲೆಯೇ ಕೈ ಹಾಕಬೇಕು. ಕೆರೆಯಲು ಮರದ ಚಕ್ಕೆ ಸಾಕು. ಕೆರೆದು ಬಿದ್ದದ್ದು ಗೊಬ್ಬರದ ಗೂಡಿಗೆ.

ಮಳೆಗಾಲದ ಹುಲ್ಲಿನಿಂದ ಆದ ಗೊಬ್ಬರವನ್ನು ನಾವು ಜರಡಿ ಹಿಡಿದು ಎತ್ತಿಡುತ್ತೇವೆ. ಮುಂದಿನ ಮೇ ಕೊನೆಯಲ್ಲಿ, ಮುಂಗಾರು ಶುರುವಾಗುವ ಮೊದಲು, ಅಷ್ಟೇ ಕೆಮ್ಮಣ್ಣು, ಸ್ವಲ್ಪ ಮರಳು ಬೆರೆಸಿ ಲಾನ್ ಮೇಲೆ ಕಾಲಿಂಚು ಉದುರಿಸಿ. ಕಡ್ಡಿ ಪೊರಕೆಯ ಬೆನ್ನಿನಿಂದ ಸಂದಿಗೆ ಇಳಿಸಿ. ಹುಲ್ಲಿನ ತುದಿ ಎಲ್ಲ ಕಡೆ ಹೊರಗೆ ಕಾಣುತ್ತಿರಬೇಕು, ಮುಚ್ಚಿ ಹೋಗಬಾರದು. ಜರಡಿಯಲ್ಲಿ ಉಳಿದ ದಪ್ಪ ಕಡ್ಡಿಗಳನ್ನು ಹೊಸ ರಾಶಿಯ ತಳಕ್ಕೆ ಹಾಕಿಕೊಳ್ಳಿ.